ಓಬಳಮ್ಮನ ಕಲಗಚ್ಚು

ಆ ಕಾಲದಲ್ಲಿ ಶಿಡ್ಲಘಟ್ಟದ ಪುಟ್ಟಸ್ವಾಮಯ್ಯನವರ ವಠಾರದಲ್ಲಿ ಸಂಜೆಯಾಯಿತೆಂದರೆ "ಕಲಗಚ್ಚಮ್ಮೋ" ಎಂಬ ಕೂಗು ಕೇಳಲೇಬೇಕು. ಗುಮಾಸ್ತರು, ಮೇಷ್ಟ್ರುಗಳ ಸಂಸಾರಗಳು ಸಾಲಾಗಿದ್ದ ವಠಾರ. ಹಿಂದೆ ಕೊಟ್ಟಿಗೆಗೆ ಅಂಟಿದ ಒಂಟಿ ಕೋಣೆಯಲ್ಲಿ ಓಬಳಮ್ಮ. ಗಂಡ ಸತ್ತ ಮೇಲೆ ಸಾದಲಿಯಿಂದ ಹಸು ಹೊಡೆದುಕೊಂಡು ಬಂದವಳು; ಮಕ್ಕಳಿಲ್ಲ ಮರಿಯಿಲ್ಲ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲ ಸೇರಿದ ಕಲಗಚ್ಚಿಗೆಂದು ಬಕೆಟ್ಟು ಹಿಡಿದು ಮನೆಮನೆ ತಿರುಗುತ್ತಿದ್ದಳು. ಹಸುವಿಗಾಗಿ ಅಂತ ಎಲ್ಲರೂ ತಿಳಿದಿದ್ದರು. ಹಸುವಿಗೇನು ಬಂತು ಕಷ್ಟ, ಕೆರೆಯಂಗಳದಲ್ಲಿ ಹೊಟ್ಟೆ ತುಂಬ ಮೇದು ಬರುತ್ತಿತ್ತು. ಬಾಗಿಲು ತೆರೆದವರು ಆಡುವ ಎರಡು ಮಾತಿಗಾಗಿ ಓಬಳಮ್ಮ ಬೆಳಗಿನಿಂದ ಕಾಯುತ್ತಿದ್ದಳು.

ವಠಾರದವರೋ, ಮಹಾ ಸೋಮಾರಿಗಳು. ಸಿಪ್ಪೆ, ಬೂದಿ, ಕೂದಲುಂಡೆ, ಬಳೆಚೂರು ಎಲ್ಲ ಒಂದೇ ಮಡಕೆಗೆ ಸುರಿಯುತ್ತಿದ್ದರು. ಒಂದು ದಿನ ಹಸುವಿನ ನಾಲಿಗೆ ಕೊಯ್ದು ರಕ್ತ ಬಂತು. ಓಬಳಮ್ಮ ಕೆಂಡವಾಗಿ ಬಾಗಿಲು ಬಾಗಿಲಿಗೂ ಹೋದಳು.

"ಏಮಮ್ಮಾ, ಹಸ ಅಂದ್ರೆ ತಿಪ್ಪೇನಾ? ಸಿಪ್ಪೆ ಬೇರೆ ಇಡಿ, ಬೂದಿ ಬೇರೆ ಇಡಿ. ಕಾಗದ ಅಂಗಡಿಯೋರಿಗೆ ಕೊಟ್ರೆ ಪೊಟ್ಟಣ ಕಟ್ತಾರೆ. ಯಾವುದೂ ದಂಡ ಆಗಲ್ಲ ಕಣಮ್ಮ."

ಹೇಳಿದಳು, ಬೈದಳು, ಮಡಕೆಗೆ ಕೈ ಹಾಕಿ ಆರಿಸಿ ತೋರಿಸಿದಳು. ಅಂತೂ ಮುಂದಿನ ಯುಗಾದಿಯ ಹೊತ್ತಿಗೆ ವಠಾರ ಕಲಿತೇಬಿಟ್ಟಿತು. ಪುಟ್ಟಸ್ವಾಮಯ್ಯನವರಿಗೆ ಹೆಮ್ಮೆಯೋ ಹೆಮ್ಮೆ. ವಠಾರದ ಬಾಗಿಲಲ್ಲಿ ಒಂದು ಕಲ್ಲುಬಾನಿ ಇರಿಸಿದರು.

"ಇನ್ಮೇಲೆ ನೀನು ಮನೆಮನೆ ಅಲೀಬೇಡಮ್ಮ. ಎಲ್ಲಾರೂ ಇಲ್ಲೇ ತಂದು ಸುರೀತಾರೆ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಪಾಪ.

ಅಂದಿನಿಂದ ಬಾನಿ ತುಂಬಿರುತ್ತಿತ್ತು, ಬಾಗಿಲುಗಳು ಮುಚ್ಚಿರುತ್ತಿದ್ದವು. ಕೂಗುವುದಕ್ಕೂ ನೆಪವಿಲ್ಲ. ಹಸುವಿನ ಜೊತೆ ಎಷ್ಟೂಂತ ಮಾತಾಡುವುದು? ಒಂದು ಸಂಜೆ ಓಬಳಮ್ಮ ಬಾನಿಗೆ ಮೊಳಕೈವರೆಗೂ ಕೈ ಇಳಿಸಿ ತಡಕಿದಳು. ಒಂದು ಬಳೆಚೂರಾದರೂ ಸಿಗಬಾರದೇ? ಎಲ್ಲ ಅವಳು ಕಲಿಸಿದ ಹಾಗೆಯೇ ಚೊಕ್ಕವಾಗಿತ್ತು. ಕೈ ತಾನಾಗಿ ತುರುಬಿಗೆ ಹೋಯಿತು. ತನ್ನದೇ ಪಿನ್ನು ಕಿತ್ತು, ಕಲಗಚ್ಚಿನಲ್ಲಿ ಅದ್ದಿ, ಮೊದಲ ಮನೆಯ ಬಾಗಿಲು ತಟ್ಟಿದಳು.

"ಇದು ಯಾರ ಮನೇದು? ಹಸ ನುಂಗಿದ್ರೆ ಗತಿಯೇನು?"

"ನಮ್ಮದಲ್ಲಪ್ಪ," ಎಂದು ಬಾಗಿಲು ಹಾಕಿಕೊಂಡರು. ಎಲ್ಲ ಮನೆಯಲ್ಲೂ ಅದೇ ಮಾತು. ಕೊನೆಗೆ ಉಳಿದದ್ದು ಮೇಷ್ಟ್ರ ಹೆಂಡತಿ ರಾಧಮ್ಮನ ಮನೆ. ಆಕೆ ಪಿನ್ನು ನೋಡಿದಳು. ಆಮೇಲೆ, ಬಿಚ್ಚಿ ಹೆಗಲ ಮೇಲೆ ಹರಡಿದ್ದ ಓಬಳಮ್ಮನ ನರೆತ ಕೂದಲು ನೋಡಿದಳು.

"ನಂದೇ ಇರ್ಬೇಕು ಕಣಮ್ಮ. ತಪ್ಪಾಯ್ತು. ಕೂತ್ಕೊಂಡು ಬಯ್ಯಿ," ಎಂದಳು.

ಓಬಳಮ್ಮ ಜಗುಲಿಯ ಮೇಲೆ ಕೂತು ಮನಸಾರೆ ಬಯ್ಯತೊಡಗಿದಳು. ಎಷ್ಟು ದಿನದ ಮಾತು ಗಂಟಲಲ್ಲಿ ಕಟ್ಟಿತ್ತೋ! ರಾಧಮ್ಮ ಪಿನ್ನು ತೊಳೆದು ತಂದು, ಹಿಂದೆ ಕೂತು, ಆ ಕೂದಲನ್ನು ಎರಡೂ ಕೈಯಲ್ಲಿ ಬಾಚಿ ತುರುಬು ಕಟ್ಟಿ ಸಿಕ್ಕಿಸಿದಳು. ಬಯ್ಯುತ್ತಿದ್ದ ಓಬಳಮ್ಮ ಕೈಯೆತ್ತಿ ತುರುಬು ಮುಟ್ಟಿ ನೋಡಿಕೊಂಡಳು. ತಾಯಿ ಹೋದ ಮೇಲೆ ಅವಳ ತಲೆ ಮುಟ್ಟಿದವರೇ ಇರಲಿಲ್ಲ.

"ನಾಳೇನೂ ಬಿದ್ದಿರುತ್ತೇನೋ," ಎಂದಳು ರಾಧಮ್ಮ. "ಬಂದು ಕೇಳ್ಕೊಂಡು ಹೋಗು."

ಓಬಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.