ಕತ್ತರಿಯಮ್ಮ ಆರಿಸಿದ ಗೂನು ಗಿಡ

ಹೊಲಿಗೆಯಂಗಡಿಯ ಕತ್ತರಿಯಮ್ಮನಿಗೆ ಒಂದು ಚಾಳಿ. ತುದಿಯೊಂದು ಹೊರಗೆ ಇಣುಕಿದರೆ ಸಾಕು, ಕೈ ಸುಮ್ಮನಿರದು. ನೂಲಾದರೂ ಸರಿ, ಚಿಗುರಾದರೂ ಸರಿ, ಕಚಕ್! ಹಾಗಾಗಿ ಆಕೆಯ ಮೊದಲ ಬಾಟಲ್ ಬ್ರಶ್ ಬೋನ್ಸಾಯ್ ಅಚ್ಚುಕಟ್ಟಾಗಿ ಬೆಳೆಯಿತೇ ಹೊರತು ಒಂದು ಹೂವನ್ನೂ ಬಿಡಲಿಲ್ಲ. ಬಾಟಲಿ ತೊಳೆಯುವ ಬ್ರಶ್ಶಿನಂಥ ಅದರ ಕೆಂಪು ಹೂವು ಬರುವುದೇ ಕೊಂಬೆಯ ತುದಿಯಲ್ಲಿ. ಈ ಪುಣ್ಯಾತ್ಗಿತ್ತಿ ತುದಿಗಳನ್ನೇ ಉಳಿಸಿರಲಿಲ್ಲ.

ಗಿಡಗಳ ಪ್ರದರ್ಶನದಲ್ಲಿ ನಾದಿನಿ ಎಲ್ಲರೆದುರೇ ಕೇಳಿದಳು, "ಬ್ರಶ್ಶೆಲ್ಲಿ ಅತ್ತಿಗೆ? ಬರೀ ಬಾಟ್ಲು ಕಾಣ್ತಿದೆ." ಜನ ಬಿದ್ದು ಬಿದ್ದು ನಕ್ಕರು. ಕತ್ತರಿಯಮ್ಮನಿಗೆ ಮೈಯೆಲ್ಲ ಉರಿಯಿತು. ಮುಂದಿನ ಪ್ರದರ್ಶನದೊಳಗೆ ಹೂವು ಅರಳಿಸದಿದ್ದರೆ ಈ ಬೋನ್ಸಾಯ್ ಹುಚ್ಚನ್ನೇ ಬಿಟ್ಟುಬಿಡುತ್ತೇನೆ ಎಂದು ಗಂಡನ ಮುಂದೆ ಶಪಥ ಮಾಡಿದಳು.

ಹೊಸ ಗಿಡಕ್ಕೆಂದು ಹೋದಾಗ ನರ್ಸರಿಯವನು ಗೇಣುದ್ದದ ಹೂವು ಬಿಟ್ಟ ಗಿಡಗಳನ್ನು ತೋರಿಸಿದ. ಆಕೆ ಒಪ್ಪಲಿಲ್ಲ. ಕತ್ತರಿಸುತ್ತಾ ಹೋದರೆ ಎಲೆ ಚಿಕ್ಕದಾದೀತು, ಹೂವಿನ ಗಾತ್ರ ಕುಗ್ಗದು. ಪುಟ್ಟ ಗಿಡಕ್ಕೆ ಅಷ್ಟುದ್ದದ ಹೂವೆಂದರೆ ಮಗುವಿನ ಅಂಗಿಗೆ ಕೋಟಿನ ಗುಂಡಿ ಹಚ್ಚಿದ ಹಾಗಾಗುತ್ತದೆ. ಮಂಡಿಯೂರಿ ಕೂತು ಬುಡಗಳನ್ನೇ ನೋಡುತ್ತಾ ಹೋದಳು, ಮಣ್ಣು ಕೆದಕಿ ಬೇರು ಸುತ್ತಲೂ ಹರಡಿದೆಯೇ ಎಂದು ಪರೀಕ್ಷಿಸಿದಳು. ಕೊನೆಗೆ ನಲ್ಲಿಯ ಪಕ್ಕದಲ್ಲಿ ಸಿಕ್ಕಿತು: ದಪ್ಪ ಬುಡ, ತಗ್ಗಿನಿಂದಲೇ ಒಡೆದ ಕೊಂಬೆ, ಒತ್ತೊತ್ತಾದ ಪುಟ್ಟ ಎಲೆ, ಹೆಬ್ಬೆರಳುದ್ದದ ಹೂವು.

"ಅದು ಗೂನು ಗಿಡ ಅಮ್ಮಾ, ಯಾರೂ ಒಯ್ಯಲ್ಲ," ಎಂದ ನರ್ಸರಿಯವನು.

"ಗಿಡ್ಡ, ದಪ್ಪ, ಗೂನು. ನನ್ನ ಹಾಗೇ ಇದೆ, ಕೊಡಿ."

ಗಿಡವೇನೋ ಸಿಕ್ಕಿತು, ಕೈಗೇನು ಮಾಡುವುದು? ಹೂವು ಉದುರಿದ ಕೂಡಲೇ ಒಮ್ಮೆ ಕತ್ತರಿಸಿ ಆಕಾರ ಕೊಟ್ಟಳು. ಆಮೇಲೆ ಮನೆಯ ಕತ್ತರಿಗಳನ್ನೆಲ್ಲ ಅಂಗಡಿಗೆ ಸಾಗಿಸಿದಳು. ದಿನವೂ ಧಾರಾಳ ನೀರು ಕುಡಿದು ತಾರಸಿಯ ಮೇಲೆ ಗಿಡ ಅಡ್ಡಾದಿಡ್ಡಿ ಚಿಗುರಿತು. ಒಂದು ಬೆಳಿಗ್ಗೆಯಂತೂ ತಡೆಯಲಾರದೆ, ನೂಲು ಕಡಿಯುವಂತೆ ಹಲ್ಲಿನಿಂದಲೇ ಕಡಿಯಲು ಬಾಗಿದ್ದಳು. ಹಿಂದಿನಿಂದ ಗಂಡ ಕೆಮ್ಮಿದ್ದರಿಂದ ಚಿಗುರು ಉಳಿಯಿತು.

ಪ್ರದರ್ಶನದ ದಿನ ಗೂನು ಗಿಡ ಮೈತುಂಬ ಕೆಂಪಾಗಿತ್ತು. ಜನ ಮುಗಿಬಿದ್ದು ನೋಡಿದರು. ಕತ್ತರಿಯಮ್ಮನಿಗೆ ಹಿಗ್ಗೋ ಹಿಗ್ಗು. ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ನಾದಿನಿ ಎರಡು ಸುತ್ತು ಬಂದು, ಹೂವಿಲ್ಲದ ಒಂದೇ ಒಂದು ಸೊಟ್ಟ ತುದಿಯನ್ನು ಕಷ್ಟಪಟ್ಟು ಹುಡುಕಿ, ಚೀಲದಿಂದ ಪುಟ್ಟ ಕತ್ತರಿ ತೆಗೆದಳು. "ಇದೊಂದು ಚೆನ್ನಾಗಿಲ್ಲ ಅತ್ತಿಗೆ. ಕತ್ತರಿಸ್ಲಾ?"

"ಕೈ ತೆಗಿ. ಅಲ್ಲೂ ಮೊಗ್ಗಿದೆ."

ನಾದಿನಿ ಬಗ್ಗಿ ನೋಡಿದಳು. ಮೊಗ್ಗು ಇತ್ತು. ಮೆಲ್ಲಗೆ ಕೇಳಿದಳು, "ನಂಗೂ ಒಂದು ಗಿಡ ಆರಿಸಿ ಕೊಡ್ತೀರಾ?"

"ಕೊಡ್ತೀನಿ," ಎಂದು ಕತ್ತರಿಯಮ್ಮ ಕೈ ಚಾಚಿದಳು. "ಮೊದಲು ಆ ಕತ್ತರಿ ಇಲ್ಲಿ ಕೊಡು."