ಬೀಗರ ಬಿಳಿ ಟವಲ್ಲು

ನಮ್ಮ ಅಂಗಳದಲ್ಲಿ ಕಾರು ನಿಲ್ಲಿಸಿದ ಮೇಲೆ ಬೀಗರಾದ ಬೋರೇಗೌಡರು ಮೊದಲು ಮಾಡುತ್ತಿದ್ದ ಕೆಲಸ ಕಾಲಿಗೆ ನೀರು ಹಾಕಿಕೊಳ್ಳುವುದಲ್ಲ, ಮಗಳನ್ನು ಕೂಗುವುದೂ ಅಲ್ಲ. ಹೆಗಲ ಮೇಲಿನ ಬಿಳಿ ಟವಲ್ಲನ್ನು ತೆಗೆದು, ಒಮ್ಮೆ ಕೊಡವಿ, ಮಂಡಿಯೂರಿ ಕುಳಿತು ಅದನ್ನು ಇಂಜಿನ್ನಿನ ಕೆಳಗೆ ನೆಲದ ಮೇಲೆ ಹಾಸುವುದು. ಊಟ, ಎಲೆಯಡಿಕೆ, ಜಗಲಿಯ ಮೇಲೊಂದು ನಿದ್ದೆ ಎಲ್ಲವೂ ಮುಗಿದು ಹೊರಡುವ ಹೊತ್ತಿಗೆ ಅದನ್ನು ಎಳೆದು, ಸಂತೆಯಲ್ಲಿ ಸೀರೆ ತೋರಿಸುವವನಂತೆ ನನ್ನ ಮುಖದೆದುರು ಹರಡಿ ಹಿಡಿಯುವರು.

"ನೋಡ್ಕಳಿ ಬೀಗ್ರೇ. ಕನ್ನಡಕ ಆಕ್ಕಂಡೇ ನೋಡ್ಕಳಿ. ಒಂದ್ ಅನಿ ಎಣ್ಣೆ ಐತಾ?"

ಇರುತ್ತಿರಲಿಲ್ಲ. ಅದೇ ನನ್ನ ಸಂಕಟ. ಏಕೆಂದರೆ ಆ ಹಳೆಯ ಅಂಬಾಸಿಡರ್ ಕಾರು ಮೊದಲು ನನ್ನದಾಗಿತ್ತು. ಸೋರುತ್ತದೆಂದು ನಾನೇ ಅದನ್ನು ಅವರಿಗೆ ಮಾರಿದ್ದೆ.

ಬೋರೇಗೌಡರು ಹುಣಸೂರಿನಾಚೆ ಗುರುಪುರದವರು, ನನ್ನ ಸೊಸೆಯ ತಂದೆ. ಹೊಗೆಸೊಪ್ಪು ಬೆಳೆಯುವವರು. ಎತ್ತರದ ಆಳು, ಅಗಲವಾದ ಕಿವಿ. ಹಾಸ್ಯ ಹೇಳುವ ಮೊದಲೇ ತಾವು ನಕ್ಕುಬಿಡುವ ಸ್ವಭಾವ. ಒಂದು ಸಂಗತಿಯನ್ನು ಎರಡು ಸಲ ಒಂದೇ ರೀತಿ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಆದರೂ ಮದುವೆಮನೆಗೆ ಅವರು ಕಾಲಿಟ್ಟರೆ ಜನ ಕುರ್ಚಿ ಸರಿಸಿ ಜಾಗ ಮಾಡುತ್ತಿದ್ದರು. ನಾನು ಹಂಪಾಪುರದವನು. ಏಳನೆಯ ತರಗತಿಗೆ ಶಾಲೆ ನಿಂತಿತು. ಮಿಕ್ಕಿದ್ದನ್ನು ಕೈಗೆ ಸಿಕ್ಕ ಪುಸ್ತಕಗಳಿಂದ ಕಲಿತೆ. ಯಾರೋ ಹೇಳಿದರು ಎಂಬುದು ನನ್ನ ಪಾಲಿಗೆ ಪುರಾವೆಯಲ್ಲ. ಹತ್ತು ಜನ ಒಂದೇ ಮಾತು ಹೇಳಿದರೆ, ಒಬ್ಬ ಹೇಳಿದ್ದನ್ನು ಒಂಬತ್ತು ಜನ ಕೇಳಿಸಿಕೊಂಡಿದ್ದಾರೆ ಎಂದಷ್ಟೇ ನಾನು ತಿಳಿಯುವುದು. ಇಂಥ ಮಾತಾಡುವವನಿಗೆ ಯಾರೂ ಕುರ್ಚಿ ಸರಿಸುವುದಿಲ್ಲ.

ಕಾರು ಸೋರತೊಡಗಿದಾಗ ಎಚ್.ಡಿ. ಕೋಟೆಯ ಮೆಕ್ಯಾನಿಕ್ ಕೆಳಗಿನ ಎಣ್ಣೆತೊಟ್ಟಿಯ ಪ್ಯಾಕಿಂಗ್ ಹೋಗಿದೆ ಎಂದ. ಬದಲಿಸಿದೆವು, ಸೋರಿಕೆ ಕೆಲವು ದಿನ ನಿಂತಂತೆ ಮಾಡಿ ಮತ್ತೆ ಬಂತು. ಹುಣಸೂರಿನವನು ಮೇಲಿನ ಮುಚ್ಚಳದ ಪ್ಯಾಕಿಂಗ್ ಎಂದ. ಅದನ್ನೂ ಬದಲಿಸಿದೆವು. ಮೈಸೂರಿನವನು ಹಿಂಭಾಗದ ಸೀಲು ಎಂದ. ನಾನೂ ಸುಮ್ಮನಿರಲಿಲ್ಲ. ಇಂಜಿನ್ನಿನ ಇಂಗ್ಲಿಷ್ ಪುಸ್ತಕವನ್ನು ನಿಘಂಟು ಇಟ್ಟುಕೊಂಡು ಓದಿ, ಗೋಣಿತಾಟು ಹಾಸಿ ಕಾರಿನ ಕೆಳಗೆ ಮಲಗಿ, ಒರೆಸಿ ಒರೆಸಿ ನೋಡಿದೆ. ಇಲ್ಲಿ ಒರೆಸಿದರೆ ಅಲ್ಲಿ ಒದ್ದೆ, ಅಲ್ಲಿ ಒರೆಸಿದರೆ ಇಲ್ಲಿ. ರಂಗೋಲಿ ಬಿಡುವ ಜಾಗವೆಲ್ಲ ಕಪ್ಪಾಯಿತೆಂದು ಮನೆಯಾಕೆ ಮುನಿಸಿಕೊಂಡಳು. ಕಡೆಗೆ ಮೈಸೂರಿನವನು, "ಇಂಜಿನ್ನೇ ಸವೆದುಹೋಗಿದೆ, ಮಾರಿಬಿಡಿ" ಎಂದ. ಜನ್ಮದಲ್ಲಿ ಯಾರನ್ನೂ ನಂಬದ ನಾನು ಆ ಒಂದು ಮಾತನ್ನು ನಂಬಿದೆ.

"ನಂಗೆ ಕೊಡಿ ಬೀಗ್ರೇ, ಸೊಪ್ಪಾದ್ರೂ ಏರ್ಕಂಡು ತಿರುಗ್ತೀನಿ" ಎಂದು ಬೋರೇಗೌಡರು ಕೊಂಡರು. ಮುಂದಿನ ಹಬ್ಬಕ್ಕೆ ಅದೇ ಕಾರಿನಲ್ಲಿ ಬಂದು, ಮೊದಲ ಸಲ ಟವಲ್ಲು ಹಾಸಿದರು.

ಆಮೇಲೆ ಹುಟ್ಟಿದ್ದು ಕಥೆಗಳು. ಮೂಸಿ ನೋಡಿಯೇ ಸೋರಿಕೆ ಹಿಡಿದರು ಎಂದು ಹುಣಸೂರಿನಲ್ಲಿ ಕೇಳಿದೆ. ಮನೆದೇವರು ಕನಸಿನಲ್ಲಿ ಬಂದು ಬೆರಳಿಟ್ಟು ತೋರಿಸಿತಂತೆ ಎಂದು ಪಿರಿಯಾಪಟ್ಟಣದ ಮದುವೆಯೊಂದರಲ್ಲಿ ಹೇಳಿದರು. ಕೆ.ಆರ್. ನಗರದ ನೆಂಟರು, ಕೇರಳದವನೊಬ್ಬ ಮಂತ್ರದಂಥ ಔಷಧಿ ಸುರಿದನೆಂದರು. ಯಾರು ಹೇಳಿದರು ಎಂದು ಒಬ್ಬೊಬ್ಬರನ್ನೂ ಹಿಡಿದು ವಿಚಾರಿಸಿದರೆ ಎಲ್ಲರದೂ ಒಂದೇ ಉತ್ತರ: "ಅವ್ರೇ ಯೇಳುದ್ರು ಕಣ್ರೀ!"

ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ನಾನೇ ಗುರುಪುರಕ್ಕೆ ಹೋದೆ. ಬೋರೇಗೌಡರು ಬ್ಯಾರನ್ನಿನ, ಎಂದರೆ ಸೊಪ್ಪು ಒಣಗಿಸುವ ಗೂಡಿನ, ಒಲೆಬಾಯಿಯ ಮುಂದೆ ಕುಳಿತು ಸೌದೆ ತಳ್ಳುತ್ತಿದ್ದರು. ಕಥೆ ಬೇಡ, ನಡೆದದ್ದು ಬೇಕು ಎಂದೆ.

"ಅಯ್ಯೋ, ನಡ್ದಿದ್ದು ಯೇಳುದ್ರೆ ಯಾರ್ ಕೇಳ್ತಾರೆ ಬೀಗ್ರೇ? ನೀವೊಬ್ರೇ ಕೇಳೋರು" ಎಂದು ನಕ್ಕು, ಒಲೆಯೊಳಗೆ ಕೋಲು ತೋರಿಸಿದರು. "ಈ ಗೂಡ್ನೊಳಗೆ ಬಿಸಿ ಓಗೋ ಕೊಳವೆಗಳವೆ. ಒಂದ್ ಸಂದೀಲಿ ಒಗೆ ಬಂದ್ರೆ ಆ ಸಂದಿ ತೂತು, ಮಣ್ ಮೆತ್ತುದ್ರೆ ಆಯ್ತು. ಎಲ್ಲಾ ಸಂದೀಲೂ ಬಂದ್ರೆ? ಕೊಳವೆದಲ್ಲ ತಪ್ಪು. ಮ್ಯಾಲೆ ಚಿಮಣಿ ಕಟ್ಕಂಡದೆ ಅಂತ."

"ಕಾರಿಗೂ ಇದಕ್ಕೂ?"

"ನಿಮ್ ಕಾರ್ನ ಸೀಮೆಎಣ್ಣೇಲಿ ತೊಳ್ದು, ನಮ್ಮೋಳ ರಂಗೋಲಿಪುಡಿನೆಲ್ಲ ಇಂಜಿನ್ ಮ್ಯಾಲೆ ಉದುರುಸ್ಬುಟ್ಟು, ಉಣ್ಸೂರ್ಗಂಟ ಓಗ್ ಬಂದೆ. ಬಂದು ನೋಡುದ್ರೆ ಎಲ್ಲಾ ಸಂದೀಲೂ ಒಂದೇ ಸಮ ಒದ್ದೆ. ಆಗ್ಲೇ ಗೊತ್ತಾಯ್ತು, ಇದ್ರ ಚಿಮಣಿ ಕಟ್ಕಂಡದೆ ಅಂತ. ನೀವೆಲ್ಲ ಎಣ್ಣೆ ಬರೋ ಜಾಗ ಉಡುಕುದ್ರಿ. ನಾನು ಉಸ್ರು ಓಗೋ ಜಾಗ ಉಡುಕ್ದೆ."

ಇಂಜಿನ್ನಿನ ಒಳಗಿನ ಒತ್ತಡ ಹೊರಹೋಗಲು ಪಕ್ಕದಲ್ಲೊಂದು ಕೊಳವೆ ಕೆಳಮುಖವಾಗಿ ಇಳಿದಿರುತ್ತದೆ. ಅದು ಮುಚ್ಚಿಕೊಂಡರೆ ಒತ್ತಡ ಎಣ್ಣೆಯನ್ನು ಎಲ್ಲ ಸಂದಿಗಳಿಂದಲೂ ಹೊರದೂಡುತ್ತದೆ. ಆ ಕೊಳವೆಯೊಳಗೆ ತಂತಿ ಹಾಕಿ ತಿವಿದರೆ ಒಣಮಣ್ಣು ಉದುರಿತಂತೆ. ಬೋರೇಗೌಡರು ಎದ್ದುಹೋಗಿ ಗೋಡೆಯ ಮಾಡದಿಂದ ಆ ಮಣ್ಣಿನ ತುಂಡೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟರು. ಕುಂಬಾರ ಹುಳದ ಗೂಡು.

ನನಗೆ ತಕ್ಷಣ ನೆನಪಾಯಿತು. ಕಾರು ಸೋರತೊಡಗುವ ಮುಂಚೆ, ನಾನು ಕಣ್ಣಿನ ಪೊರೆ ತೆಗೆಸಿಕೊಂಡು ಅದನ್ನು ಮುಟ್ಟದಿದ್ದ ಬೇಸಿಗೆ. ಕಾರು ನಿಂತಿದ್ದ ಷೆಡ್ಡಿನ ಗೋಡೆಯಲ್ಲೆಲ್ಲ ಕುಂಬಾರ ಹುಳಗಳು ಮನೆ ಮಾಡಿದ್ದವು. ನಾನು ಪೊರಕೆ ಎತ್ತಿದೆ. ಸೊಸೆ ಬಸುರಿ, ಹುಳ ಗೂಡು ಕಟ್ಟಿದರೆ ಮನೆಗೆ ಮಗು ಬರುತ್ತದೆಂದು ನಮ್ಮ ಕಡೆಯ ನಂಬಿಕೆ. ಮನೆಯಾಕೆ ಅಡ್ಡ ಬಂದಳು. ನಾನು ಕೇಳದಿದ್ದಾಗ ಗುರುಪುರಕ್ಕೆ ಫೋನು ಹೋಯಿತು. "ಬಸ್ರಿ ಎಂಗ್ಸಿರೋ ಮನೇಲಿ ಗೂಡು ಕೆಡುಸ್ಬ್ಯಾಡಿ ಬೀಗ್ರೇ, ನಿಮ್ ದಮ್ಮಯ್ಯ" ಎಂದು ಫೋನಿನಲ್ಲಿ ಕೇಳಿಕೊಂಡವರು ಈ ಬೋರೇಗೌಡರೇ. ನಂಬಿಕೆಗಲ್ಲದಿದ್ದರೂ ಬೀಗರ ಮಾತಿಗೆಂದು ಪೊರಕೆ ಕೆಳಗಿಟ್ಟಿದ್ದೆ.

ಅದನ್ನು ಅವರಿಗೆ ನೆನಪಿಸಿದೆ. ಅವರು ಸೌದೆ ತಳ್ಳುವುದನ್ನೂ ಮರೆತು ತೊಡೆ ತಟ್ಟಿಕೊಂಡು ನಕ್ಕರು.

"ಅಂಗಾದ್ರೆ ಉಳ ಇಬ್ರಿಗೂ ನ್ಯಾಯ ಮಾಡ್ಯದೆ ಬುಡಿ! ನಿಮ್ಗೊಬ್ಳು ಮೊಮ್ಮಗ್ಳು, ನಂಗೊಂದ್ ಕಾರು."

ಆ ಮೊಮ್ಮಗಳೂ ನನಗೆ ಪೂರ್ತಿ ದಕ್ಕಲಿಲ್ಲ. ನಾನು ಕೊಂಡ ಹೊಸ ಕಾರಿನಲ್ಲಿ ವಾಂತಿ ಬರುತ್ತದೆ ಎನ್ನುವಳು. ಗುರುಪುರದ ತಾತನ ಕಾರೆಂದರೆ ಚಪ್ಪಲಿಯನ್ನೂ ಮೆಟ್ಟದೆ ಓಡುವಳು. ಒಂದು ಮಳೆಗಾಲ ಬೀಚನಹಳ್ಳಿಯಲ್ಲಿ ಅಣೆಕಟ್ಟಿನ ನೀರು ಬಿಡುವುದನ್ನು ನೋಡಲು ಎಲ್ಲರೂ ಹೊರಟಾಗ, ನನ್ನ ಮನೆಯಾಕೆ ಕೂಡ ಆ ಕಾರನ್ನೇ ಹತ್ತಿ, "ಇವ್ರು ಓಡುಸ್ವಾಗ ಇಷ್ಟು ಮೆತ್ತಗಿತ್ತಾ ಇದು?" ಎಂದಳು. ಬೋರೇಗೌಡರು ಕೀಲಿಕೈಯನ್ನು ನನ್ನೆಡೆಗೆ ಚಾಚಿದರು. "ನೀವೇ ಓಡ್ಸಿ ಬೀಗ್ರೇ, ನಿಮ್ದೇ ಕಾರಲ್ವಾ." ಆ ಔದಾರ್ಯವನ್ನು ನಾನು ಕ್ಷಮಿಸಲಾರದೆ ಹೋದೆ. ಬೆನ್ನುನೋವೆಂದು ಹೇಳಿ ಹಿಂದಿನ ಸೀಟಿನಲ್ಲಿ ಕುಳಿತೆ.

ನನಗೆ ಬೇಕಾಗಿದ್ದುದು ಒಂದೇ ಒಂದು ಹನಿ. ಅದು ಬಿದ್ದಿದ್ದರೆ ಇಂಜಿನ್ನು ಸವೆದದ್ದು ನಿಜ, ನಾನು ಮಾರಿದ್ದು ಸರಿ ಎಂದಾಗುತ್ತಿತ್ತು. ಕಲ್ಯಾಣಮಂಟಪಗಳ ಮುಂದೆ ಚಪ್ಪಲಿಯ ಪಟ್ಟಿ ಸರಿಮಾಡುವವನಂತೆ ಬಗ್ಗಿ ಆ ಕಾರಿನ ಹೊಟ್ಟೆಯ ಕೆಳಗೆ ನೋಡಿದ್ದೇನೆ. ಒಣನೆಲ. ಒಮ್ಮೆ ಬಗ್ಗಿದವನು ಏಳುವಾಗ ಬೋರೇಗೌಡರು ಎದುರಿಗೇ ನಿಂತಿದ್ದರು. "ಸಿಕ್ತಾ ಬೀಗ್ರೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಊಟದ ಪಂಕ್ತಿಗೆ ನನ್ನ ಕೈಹಿಡಿದು ಕರೆದೊಯ್ದರು.

ಕಡೆಯ ಸಲ ಅವರು ಬಂದದ್ದು ಮೈಸೂರಿನ ಆಸ್ಪತ್ರೆಯಿಂದ. ಅಲ್ಲಿಂದ ಗುರುಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು ಸಿಗುವುದಿಲ್ಲ. ಮಗಳನ್ನು ನೋಡಬೇಕೆಂದು ಬಳಸಿಕೊಂಡು ಬಂದಿದ್ದರು. ಕಾರನ್ನು ಮಗ ಓಡಿಸುತ್ತಿದ್ದ. ಅಷ್ಟೆತ್ತರದ ಆಳು ಅಂಗಿಯೊಳಗೆ ಕುಗ್ಗಿಹೋಗಿದ್ದರು. ಇಳಿದವರೇ ಹೆಗಲಿನಿಂದ ಟವಲ್ಲು ತೆಗೆದು ನನಗೆ ಕೊಟ್ಟರು.

"ನೀವೇ ಆಸಿ ಬೀಗ್ರೇ. ಮಂಡಿ ಬಗ್ಗಕ್ಕಿಲ್ಲ."

ಹಾಸಿದೆ. ಅವರು ಊಟ ಮಾಡಲಿಲ್ಲ. ಎರಡು ಗುಟುಕು ಮಜ್ಜಿಗೆ ಕುಡಿದು ಮಗಳ ಕೈ ಹಿಡಿದುಕೊಂಡು ಕುಳಿತಿದ್ದರು. ಹೊರಡುವಾಗ ಮುಂದಿನ ಸೀಟಿನಲ್ಲಿ ಕುಳಿತು, "ಎತ್ಕಳಿ, ಎಲ್ಲಾರ್ಗೂ ತೋರ್ಸಿ" ಎಂದರು. ಸೊಸೆ, ಮೊಮ್ಮಗಳು, ಮನೆಯಾಕೆ ಜಗಲಿಯ ಮೇಲೆ ನಿಂತು ನೋಡುತ್ತಿದ್ದರು. ನಾನು ಬಗ್ಗಿದೆ.

ಟವಲ್ಲಿನ ನಡುವೆ ಹುಣಸೆಬೀಜದಷ್ಟು ಕಪ್ಪು ಹನಿ. ನೋಡುತ್ತಿದ್ದಂತೆ ಅಂಚು ಹರಡುತ್ತಿತ್ತು.

ನಾನು ಹನಿ ಕಾಣದಂತೆ ಟವಲ್ಲನ್ನು ಒಳಮಡಿಕೆ ಮಾಡಿ ಮಡಚಿದೆ. ನನ್ನ ಹೆಗಲ ಟವಲ್ಲನ್ನು ತೆಗೆದು ಕಿಟಕಿಯ ಮೂಲಕ ಅವರ ಹೆಗಲಿಗೆ ಹಾಕಿದೆ.

"ಇದ್ಯಾಕೆ ಬೀಗ್ರೇ?"

"ನಿಮ್ಮದು ಧೂಳಾಗಿದೆ. ಒಗೆಸಿಟ್ಟಿರ್ತೀನಿ, ಮುಂದಿನ ಸಲ ಬಂದಾಗ ತಗೊಳ್ಳಿ."

"ಅನಿ?"

"ಇಲ್ಲ."

ಅವರು ನನ್ನ ಮುಖ ನೋಡಿದರು. "ಯಾರ್ ಯೇಳುದ್ರೂ ನಂಬ್ದೋರು ನೀವು. ನೀವೇ ಇಲ್ಲ ಅಂದ್ಮೇಲೆ ಇಲ್ಲ ಬುಡಿ" ಎಂದು ಮಗನಿಗೆ ಹೊರಡಲು ಸನ್ನೆ ಮಾಡಿದರು. ಈ ಸಲ ಅವರು ಮೊದಲೇ ನಗಲಿಲ್ಲ. ಕಾರು ತಿರುಗುವಾಗ ನಕ್ಕಂತೆ ಕಂಡಿತು. ಖಚಿತವಾಗಿ ಹೇಳಲಾರೆ.

ಅವರ ತಿಥಿಯ ದಿನ ಗುರುಪುರದ ಮನೆಯ ಮುಂದೆ ಜನ ಮತ್ತೆ ಆ ಕಥೆಗಳನ್ನೇ ಹೇಳುತ್ತಿದ್ದರು. ಮೂಸಿ ಹಿಡಿದದ್ದು, ದೇವರು ತೋರಿಸಿದ್ದು. "ಸಾಯೋಗಂಟ ಆ ಕಾರು ಒಂದ್ ಅನಿ ಬುಟ್ಟಿಲ್ಲ" ಎಂದ ಒಬ್ಬಾತ, ನಾನೇನಾದರೂ ಆಕ್ಷೇಪ ತೆಗೆಯಬಹುದೆಂದು ನನ್ನತ್ತ ತಿರುಗಿ, "ಅಲ್ವಾ ಗೌಡ್ರೇ?" ಎಂದ.

ಕಾರು ಬ್ಯಾರನ್ನಿನ ಗೋಡೆಯ ಪಕ್ಕದಲ್ಲಿ ನಿಂತಿತ್ತು. ಅದರ ಕೆಳಗಿನ ಮಣ್ಣು ತಟ್ಟೆಯಗಲ ಕಪ್ಪಾಗಿದ್ದುದನ್ನು ನಾನು ಬಂದ ಕೂಡಲೇ ನೋಡಿದ್ದೆ. ಕುರ್ಚಿಯನ್ನು ಅಲ್ಲಿಗೆ ಎಳೆದುಕೊಂಡು, ಆ ಕಲೆಗೆ ಅಡ್ಡವಾಗಿ ಕುಳಿತೆ.

"ಹೌದು" ಎಂದೆ.

ಟವಲ್ಲನ್ನು ಒಗೆಸಿಲ್ಲ. ಅಷ್ಟು ವರ್ಷ ಕಾದು ಪಡೆದ ಹನಿ ಅದು. ಬೇರೆಯವರಿಗೆ ತೋರಿಸಲು ನನಗೆ ಮನಸ್ಸಿಲ್ಲ.