ಸೂರಿಯನ್ನು ಕರೆದ ಬಾಗಿಲು

ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಉಚ್ಚೀರಪ್ಪನಿಗೆ ಮೀಸೆಯೆಂದರೆ ಪ್ರಾಣ. ಅಪ್ಪ ಸತ್ತಾಗ ಅವನಿನ್ನೂ ಮೀಸೆ ಮೂಡದ ಹುಡುಗ. ಮೂಡಿದ ಮೇಲೆ ಅದಕ್ಕೆ ಕತ್ತಿ ತಾಗಿಸಿದವನಲ್ಲ. ಆದರೆ ತಮ್ಮ ಸೂರಿ ಕಾಮಾಲೆಯಿಂದ ತೀರಿಕೊಂಡಾಗ ಕರ್ಮ ಮಾಡಲು ಮನೆಯಲ್ಲಿ ಬೇರೆ ಗಂಡಸಿರಲಿಲ್ಲ. ತಮ್ಮೂರು ಪೆದ್ದಹರಿವಾಣಂನ ಹಳ್ಳದ ದಂಡೆಯಲ್ಲಿ ಕುಳಿತು ಮೀಸೆ ಕೊಟ್ಟು ಬಂದ. ಅಂದಿನಿಂದ ತಾಯಿ ದಸ್ತಗಿರಮ್ಮ ಅವನಿಗೆ ಬಡಿಸುವಾಗ ತಲೆ ಎತ್ತುವುದನ್ನೇ ಬಿಟ್ಟಳು.

ಪೊಲೀಸ್ ಕೆಲಸಕ್ಕೆಂದು ಮೈ ಗಟ್ಟಿ ಮಾಡಿಕೊಳ್ಳಲು, ಇನ್ನೂ ಮೀಸೆ ಸರಿಯಾಗಿ ಮೂಡದ ಸೂರಿ ಆದೋನಿಯ ಜಿಮ್ಮೊಂದಕ್ಕೆ ಸೇರಿದ್ದ. "ಭಾರ ಎತ್ತಾಕ ದುಡ್ಡು ಯಾಕ ಕೊಡ್ತೀಲೇ, ನನ್ನ ಸಂಗಾಟ ಯಾರ್ಡಿಗೆ ಬಾ, ಅವರ ನಿನಗ ಕೊಡ್ತಾರ" ಎಂದು ಉಚ್ಚೀರಪ್ಪ ಕಾಲೆಳೆಯುತ್ತಿದ್ದ. ಜಡ್ಡು ಬಿದ್ದಾಗ ಸೂರಿ ತಾನೇ ಹೋಗಿ ಸದಸ್ಯತ್ವ ಬಿಡಿಸಿ ಬಂದಿದ್ದ. ಆದರೂ ತಾಯಿಯ ಬ್ಯಾಂಕ್ ಖಾತೆಯಿಂದ ತಿಂಗಳು ತಿಂಗಳು ಫೀಜು ಹೋಗುತ್ತಲೇ ಇತ್ತು.

ದುಡ್ಡು ಹಾಳಾಗಿ ಹೋಗಲಿ. ಫೀಜು ಹೋದಾಗಲೆಲ್ಲ ಸೂರಿಯ ಫೋನು ಟಿಣ್ ಎನ್ನುತ್ತಿತ್ತು. ದಸ್ತಗಿರಮ್ಮ ಅದನ್ನು ತಪ್ಪದೆ ಚಾರ್ಜಿಗೆ ಹಾಕಿ ದೇವರ ಗೂಡಿನಲ್ಲಿಟ್ಟಿದ್ದಳು. ಸದ್ದಾದರೆ ಸಾಕು, ಕೈಯಲ್ಲಿದ್ದುದನ್ನು ಬಿಟ್ಟು ಓಡುವಳು. "ಸೂರಿದೇನಪಾ?" ಎನ್ನುವಳು. ಆ ಓಟ ನಿಲ್ಲಿಸಬೇಕೆಂದೇ ಉಚ್ಚೀರಪ್ಪ ಜಿಮ್ಮಿನ ಮೆಟ್ಟಿಲು ಹತ್ತಿದ್ದು.

ಬಾಗಿಲ ಪಕ್ಕ ಮುಖ ನೋಡಿ ಒಳಗೆ ಬಿಡುವ ಯಂತ್ರವಿತ್ತು. ಅದರೆದುರು ನಿಂತು ತಲೆಯ ಟವೆಲು ತೆಗೆದ.

"ವೆಲ್ಕಮ್, ಸೂರಿ" ಎಂದಿತು ಒಂದು ಹೆಣ್ಣು ದನಿ. ಬಾಗಿಲು ತಾನಾಗಿ ತೆರೆಯಿತು.

ಉಚ್ಚೀರಪ್ಪ ಹಿಂದೆ ತಿರುಗಿ ನೋಡಿದ, ಯಾರೂ ಇಲ್ಲ. ಒಳಗೆ ಗೋಡೆಯುದ್ದಕ್ಕೂ ಕನ್ನಡಿ. ಅದರಲ್ಲಿ ಬೆವೆತ ಹುಡುಗರ ನಡುವೆ ಸೂರಿ ನಿಂತು ಇವನನ್ನೇ ನೋಡುತ್ತಿದ್ದ. ಕೈ ಎತ್ತಿ ಮೀಸೆಯಿಲ್ಲದ ತುಟಿ ಮುಟ್ಟಿಕೊಂಡ; ಅವನೂ ಮುಟ್ಟಿಕೊಂಡ. ಆ ದಿನ ಫೀಜು ನಿಲ್ಲಿಸಿರೆಂದಷ್ಟೇ ಹೇಳಿ ಮೆಟ್ಟಿಲಿಳಿದು ಬಂದ.

ಆಮೇಲೆ ಮತ್ತೆ ಮತ್ತೆ ಹೋದ. ಒಮ್ಮೆ ಮರಣದ ಸರ್ಟಿಫಿಕೇಟನ್ನೂ ಒಯ್ದ. ಮ್ಯಾನೇಜರ್ ನಾಗಭೂಷಣ ಕಂಪ್ಯೂಟರ್ ನೋಡಿ ತಲೆ ಕೆರೆದುಕೊಂಡ.

"ಲೇದಣ್ಣಾ, ಆಗಂಗಿಲ್ಲ. ಸತ್ತ ಮ್ಯಾಲೂ ನಿಮ್ಮ ತಮ್ಮ ಜಿಮ್ಮಿಗೆ ಬಂದಾನ ಅಂತ ತೋರಸ್ತೈತಿ. ಹೆಡ್ ಆಫೀಸಿನೋರು ಒಪ್ಪವಲ್ರು."

"ಬಂದಾವ ನಾನು ಸಾರ್!"

"ಮಷೀನು ಹಂಗ ಅನ್ನವಲ್ದಲ್ಲ."

ದೂರು ಹೇಳಲು ಬಂದಷ್ಟು ಸಲವೂ ಸತ್ತವನ ಹಾಜರಿ ಬಿದ್ದಿತ್ತು. ಇಂಥ ನ್ಯಾಯಕ್ಕೆ ಏನನ್ನಬೇಕು! ಟವೆಲಿನಿಂದ ಮುಖ ಮುಚ್ಚಿಕೊಂಡು ಬಾಗಿಲು ಬಡಿಯಬಹುದಿತ್ತು. ಉಚ್ಚೀರಪ್ಪ ಮುಚ್ಚಿಕೊಳ್ಳಲಿಲ್ಲ. ಆ ದನಿಗೆ ಅವನು ಹೆದರುತ್ತಿದ್ದ, ಅದನ್ನು ಕೇಳದೆ ಇರಲೂ ಆಗುತ್ತಿರಲಿಲ್ಲ. ಸೂರಿಯ ಹೆಸರು ಹಿಡಿದು ಕರೆಯುವವರು ಬೇರೆ ಯಾರಿದ್ದರು? ಒಂದು ದಿನ ತಡೆಯಲಾರದೆ ತಾಯಿಗೂ ಹೇಳಿಬಿಟ್ಟ.

ಮುಂದಿನ ಸಲ ಸಾಕ್ಷಿ ಹೇಳುತ್ತೇನೆಂದು ದಸ್ತಗಿರಮ್ಮ ಜೊತೆಗೆ ಹೊರಟಳು. ಅಷ್ಟರಲ್ಲಿ ಮೀಸೆ ದಟ್ಟವಾಗಿ ಬೆಳೆದಿತ್ತು. ಯಂತ್ರದೆದುರು ನಿಂತರೆ ಕೆಂಪು ದೀಪ ಹತ್ತಿತು. ದನಿಯೂ ಇಲ್ಲ, ಬಾಗಿಲೂ ತೆರೆಯಲಿಲ್ಲ. ನಾಗಭೂಷಣನೇ ಹೊರಗೆ ಬಂದು ಮೀಸೆಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

"ನಮ್ಮದ ತಪ್ಪಾತವ್ವಾ. ಮೀಸಿ ಇಲ್ಲದಾಗ ಮಷೀನು ಅಣ್ಣನ್ನ ತಮ್ಮ ಅಂದೈತಿ. ಹೆಡ್ ಆಫೀಸಿಗೆ ನಾನ ಹೇಳ್ತೀನಿ. ಸೂರಿ ಹೆಸರು, ಮುಖ ಎಲ್ಲಾ ಈಗ ಅಳಿಸಿಬಿಡ್ತೀನಿ. ಇನ್ನ ಆ ಫೋನಿಗೆ ಏನೂ ಬರಂಗಿಲ್ಲ."

ಉಚ್ಚೀರಪ್ಪನಿಗೆ ಹೆಗಲ ಮೇಲಿನ ಚೀಲ ಇಳಿಸಿದಂತಾಯಿತು. ಆದರೆ ದಸ್ತಗಿರಮ್ಮ ಕೈ ಅಡ್ಡ ಹಿಡಿದಳು.

"ಸ್ವಲ್ಪ ತಡೀರಿ ಸಾರ್" ಎಂದು ಮಗನ ಕಡೆ ತಿರುಗಿದಳು. ಎಷ್ಟೋ ದಿನಗಳ ಮೇಲೆ ಅವನ ಮುಖ ನೇರವಾಗಿ ನೋಡಿದಳು. "ತಮ್ಮನ್ನ ಕರೀತೈತಿ ಅಂದಿದ್ದಿಯಲ್ಲ. ನಾ ಕೇಳಲಿಲ್ಲಪಾ. ಎದುರಿಗೆ ಕಟಿಂಗ್ ಅಂಗಡಿ ಐತಿ, ಮೀಸಿ ತಗಿಸಿಗೊಂಡು ಬಾ. ಒಂದ ಸಲ ಕರೀಲಿ. ಆಮ್ಯಾಲ ಅಳಸ್ಲಿ."

ಸಾವಿಲ್ಲದೆ ಮೀಸೆ ತೆಗೆಸುವುದು ಅವರ ಮನೆತನದಲ್ಲಿ ಅಪಶಕುನ. ಅದು ಇಬ್ಬರಿಗೂ ಗೊತ್ತಿತ್ತು. ಉಚ್ಚೀರಪ್ಪ ರಸ್ತೆ ದಾಟಿ ಕುರ್ಚಿಯಲ್ಲಿ ಕುಳಿತ.

ನೊರೆ ಹಚ್ಚುತ್ತ ಅಂಗಡಿಯವನು ದನಿ ತಗ್ಗಿಸಿ ಕೇಳಿದ, "ಯಾರು ಹೋದ್ರಣ್ಣಾ?"

"ನನ್ನ ತಮ್ಮ" ಎಂದ ಉಚ್ಚೀರಪ್ಪ.